ಕೊಳವೆಬಾವಿಯ ಅಳತೆಯಿಂದ ಸಮೀಕರಣದವರೆಗೆ: ಪ್ರೌಢಶಾಲೆಗೊಂದು ಪಾಠ, ಪಂಚಾಯಿತಿಗೊಂದು ಮುನ್ಸೂಚನೆ



ಒಂದು ಪರಿಮಾಣವು ಇನ್ನೊಂದನ್ನು ಅವಲಂಬಿಸಿ ನಿಯಮಬದ್ಧವಾಗಿ ಬದಲಾಗುವುದನ್ನು ಗಣಿತದಲ್ಲಿ ಉತ್ಪನ್ನ ಅಥವಾ ಫಂಕ್ಷನ್ ಎನ್ನುತ್ತಾರೆ. ಒಂಬತ್ತನೆಯ ತರಗತಿಯ ಮಕ್ಕಳು ಪುಸ್ತಕದಲ್ಲಿ ಕಲಿಯುವ ರೇಖಾತ್ಮಕ ಸಮೀಕರಣವನ್ನೇ ಊರಿನ ಕೊಳವೆಬಾವಿಗೆ ಅನ್ವಯಿಸಿದರೆ, ಬೇಸಿಗೆಯ ಕುಡಿಯುವ ನೀರಿನ ಸಿದ್ಧತೆಗೆ ಆಧಾರ ದೊರೆಯುತ್ತದೆ.

1. ಅಳತೆ: ಪ್ರತಿ ತಿಂಗಳ 1ನೆಯ ತಾರೀಖು ಬೆಳಿಗ್ಗೆ, ಪಂಪು ಚಾಲೂ ಮಾಡುವ ಮೊದಲು, ನೀರುಗಂಟಿಯವರು ನೆಲಮಟ್ಟದಿಂದ ನೀರಿನವರೆಗಿನ ಆಳವನ್ನು ಅಳೆಯಲಿ, ಮಕ್ಕಳು ಶಿಕ್ಷಕರ ಸಮ್ಮುಖದಲ್ಲಿ ದಾಖಲಿಸಲಿ.

2. ಸಮೀಕರಣ: ಉದಾಹರಣೆಗೆ, ಜನವರಿಯಲ್ಲಿ 40, ಫೆಬ್ರವರಿಯಲ್ಲಿ 42.1, ಮಾರ್ಚ್‌ನಲ್ಲಿ 43.9 ಮೀಟರ್ ಎಂದಿಟ್ಟುಕೊಳ್ಳೋಣ. ಗ್ರಾಫ್ ಹಾಳೆಯಲ್ಲಿ ಈ ಬಿಂದುಗಳು ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ಎಲ್ಲಕ್ಕೂ ಸಮೀಪವಾಗಿ ಹಾಯುವ ಗೆರೆಯನ್ನು ಮಕ್ಕಳೇ ಎಳೆಯಬೇಕು. ಆಗ ದೊರೆಯುವುದು: ಆಳ = 40 + 2 × ಜನವರಿಯಿಂದ ಕಳೆದ ತಿಂಗಳುಗಳು. ಪಂಪು 50 ಮೀಟರ್ ಆಳದಲ್ಲಿದ್ದರೆ, ಐದು ತಿಂಗಳಲ್ಲಿ, ಅಂದರೆ ಜೂನ್ 1ಕ್ಕೆ, ನೀರು ಪಂಪಿನ ಮಟ್ಟಕ್ಕೆ ಇಳಿಯುತ್ತದೆ. ಇದು ಮಾರ್ಚ್ 1ರಂದೇ ತಿಳಿದರೆ ಪಂಚಾಯಿತಿಗೆ ಮೂರು ತಿಂಗಳ ಕಾಲಾವಕಾಶವಿದೆ.

3. ಮಿತಿ: ಗೆರೆಯನ್ನು ಅಳತೆಯ ಆಚೆಗೆ ಕುರುಡಾಗಿ ಎಳೆಯಬಾರದು. ಹೊಳಲ್ಕೆರೆ, ಹೊಸದುರ್ಗ ಭಾಗದ ಅಡಿಕೆ, ತೆಂಗಿನ ತೋಟಗಳು ಏಪ್ರಿಲ್‌ನಲ್ಲಿ ಹೆಚ್ಚು ನೀರೆತ್ತಿದರೆ ಮಟ್ಟ ಬೇಗ ಕುಸಿದೀತು. ಮಳೆ ಬಂದರೆ ಏರೀತು. ಆದುದರಿಂದ ಪ್ರತಿ ತಿಂಗಳೂ ಅಳತೆಯನ್ನು ಊಹೆಯೊಂದಿಗೆ ಹೋಲಿಸಿ ಗೆರೆಯನ್ನು ತಿದ್ದಬೇಕು. ನಿಜವಾದ ಕಲಿಕೆ ಇಲ್ಲಿಯೇ ಇದೆ.

4. ವಕ್ರರೇಖೆ: ಎಲ್ಲ ಸಂಬಂಧಗಳೂ ಸರಳರೇಖೆಯಲ್ಲ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಪೂರ್ಣಮಟ್ಟ 130 ಅಡಿ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಟ್ಟ 65 ಅಡಿ ಇದ್ದರೆ ಅರ್ಧ ಜಲಾಶಯ ತುಂಬಿದೆ ಎಂದು ಭಾವಿಸುವುದು ಸಹಜ. ಆದರೆ ಕಣಿವೆಯ ತಳ ಕಿರಿದು, ಮೇಲ್ಭಾಗ ವಿಶಾಲ. ಸಂಗ್ರಹ ಅರ್ಧಕ್ಕಿಂತ ಬಹಳ ಕಡಿಮೆ ಇರುತ್ತದೆ. ಕೊನೆಯ ಒಂದು ಅಡಿ ಹಿಡಿಯುವಷ್ಟು ನೀರನ್ನು ತಳದ ಒಂದು ಅಡಿ ಹಿಡಿಯಲಾರದು. ನಮ್ಮ ಕೆರೆಗಳಿಗೂ ಇದೇ ನ್ಯಾಯ.

5. ಸದಸ್ಯರ ಪಾತ್ರ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸದಸ್ಯರು ತಮ್ಮ ವಾರ್ಡಿನ ಒಂದು ಕೊಳವೆಬಾವಿಯನ್ನು ಗುರುತಿಸಿ, ಅಳತೆ ಟೇಪು ಹಾಗೂ ವಹಿಯನ್ನು ಶಾಲೆಗೆ ಒದಗಿಸುವುದು. ಪಂಪಿನ ಆಳವನ್ನು ಪಂಚಾಯಿತಿ ಕಡತದಿಂದ ಕೊಡಿಸುವುದು. ಮಕ್ಕಳ ಗ್ರಾಫನ್ನು ಮಕ್ಕಳ ಗ್ರಾಮಸಭೆಯಲ್ಲಿ ಪ್ರದರ್ಶಿಸಿ, ಮಾರ್ಚ್ ತಿಂಗಳ ಸಾಮಾನ್ಯ ಸಭೆಯಲ್ಲಿ ಕುಡಿಯುವ ನೀರಿನ ವಿಷಯದೊಂದಿಗೆ ಮಂಡಿಸುವುದು. ನಲ್ಲಿ ಒಣಗಿದ ಮೇಲೆ ಟ್ಯಾಂಕರ್ ಹುಡುಕುವುದಕ್ಕಿಂತ, ಮಕ್ಕಳು ಎಳೆದ ಗೆರೆಯನ್ನು ಮೊದಲೇ ಓದುವುದು ಲೇಸು.