ಸವಾರಿಯ ಕುದುರೆ: ಸಮತೋಲವೂ ಬಾಯಿಯ ಮೃದುತ್ವವೂ

ಚಕ್ಕಡಿಗೆ ಹತ್ತಿಯನ್ನೋ ಮೆಣಸಿನಕಾಯಿಯ ಚೀಲಗಳನ್ನೋ ಹೇರುವಾಗ ಕುಂದಗೋಳದ ರೈತನು ಒಂದು ವಿಷಯದಲ್ಲಿ ಬಹಳ ಎಚ್ಚರದಿಂದಿರುತ್ತಾನೆ. ಹೇರು ಮುಂದಕ್ಕೆ ಹೆಚ್ಚಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗವು ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಸವಾರಿಯ ಕುದುರೆಯ ಶಿಕ್ಷಣವೂ ಮೂಲತಃ ಇದೇ ಲೆಕ್ಕದ್ದು. ಆದರೆ ಇಲ್ಲಿ ಬಂಡಿಯೂ ಜೀವಂತ, ಹೇರೂ ಜೀವಂತ. ಎರಡೂ ಅಲುಗುತ್ತಲೇ ಇರುತ್ತವೆ.

ಸುಮ್ಮನೆ ನಿಂತಿರುವ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 55ರಿಂದ 60 ಪಾಲು ಮುಂಗಾಲುಗಳ ಮೇಲಿರುತ್ತದೆ. ತಲೆಯೂ ಉದ್ದವಾದ ಕುತ್ತಿಗೆಯೂ ಮುಂದಕ್ಕೆ ಚಾಚಿಕೊಂಡಿರುವುದೇ ಇದಕ್ಕೆ ಕಾರಣ. 400 ಕಿಲೋಗ್ರಾಂ ತೂಗುವ ಕುದುರೆಯಾದರೆ ಸುಮಾರು 230 ಕಿಲೋಗ್ರಾಂ ಮುಂದೆಯೇ ಬಿತ್ತು. ಸವಾರನು ಹೆಗಲಿನ ಉಬ್ಬಿನ ಹಿಂದೆಯೇ ಕುಳಿತುಕೊಳ್ಳುವುದರಿಂದ ಅವನ ಭಾರದ ಹೆಚ್ಚಿನ ಪಾಲೂ ಅಲ್ಲಿಗೇ ಸೇರುತ್ತದೆ.

ಇದರೊಡನೆ ಕುದುರೆಯ ದೇಹರಚನೆಯ ಒಂದು ವೈಚಿತ್ರ್ಯವನ್ನೂ ಗಮನಿಸಬೇಕು. ನಮಗಿರುವಂತೆ ಅದಕ್ಕೆ ಕೊರಳೆಲುಬು ಇಲ್ಲ. ಮುಂಗಾಲುಗಳಿಗೂ ಎದೆಗೂಡಿಗೂ ಎಲುಬಿನ ಕೀಲೇ ಇಲ್ಲ; ಎರಡು ಕಂಬಗಳ ನಡುವೆ ತೊಟ್ಟಿಲು ತೂಗುವಂತೆ ಎದೆಯು ಸ್ನಾಯುಗಳ ಬಲದಿಂದ ತೂಗುತ್ತದೆ. ಈ ಸ್ನಾಯುಗಳು ಬಲಿಯದ ಕುದುರೆಯ ಬೆನ್ನೇರಿದಾಗ ತೊಟ್ಟಿಲು ಕುಸಿಯುತ್ತದೆ. ಕುದುರೆ ಮುಂದಕ್ಕೆ ವಾಲುತ್ತದೆ. ಬೀಳದಿರಲು ವೇಗ ಹೆಚ್ಚಿಸುತ್ತದೆ, ಲಗಾಮಿಗೆ ಜೋತುಬೀಳುತ್ತದೆ.

ಆಗ ಸವಾರನು, "ಇದರ ಬಾಯಿ ಬಲು ಗಟ್ಟಿ" ಎಂದು ದೂರುತ್ತಾನೆ. ನಿಜವಾಗಿ ಗಟ್ಟಿಯಾದುದು ಬಾಯಲ್ಲ, ತಪ್ಪಿದುದು ತೂಕ. ಕಡಿವಾಣವು ಮುಂದಿನ ಹಲ್ಲುಗಳಿಗೂ ದವಡೆಯ ಹಲ್ಲುಗಳಿಗೂ ನಡುವಿನ ಹಲ್ಲಿಲ್ಲದ ಎಡೆಯಲ್ಲಿ ಕೂಡುತ್ತದೆ. ಅಲ್ಲಿ ಎಲುಬಿನ ಮೇಲೆ ಇರುವುದು ತೆಳುವಾದ ಚರ್ಮ ಮಾತ್ರ. ಮುಳ್ಳಿನ ಕಡಿವಾಣ ಹಾಕಿ ಎಳೆದರೆ ಕುದುರೆ ನೋವಿನಿಂದ ತಲೆ ಮೇಲೆತ್ತುತ್ತದೆ, ಬೆನ್ನು ತಗ್ಗುತ್ತದೆ, ಹಿಂಗಾಲುಗಳು ಹಿಂದೆಯೇ ಉಳಿಯುತ್ತವೆ. ಸಮತೋಲ ಮತ್ತಷ್ಟು ಕೆಡುತ್ತದೆ. ಭಾರತದಲ್ಲಿ 1965ರ ನಿಯಮಗಳು ಇಂಥ ಮುಳ್ಳಿನ ಸಲಕರಣೆಯನ್ನು ನಿಷೇಧಿಸಿವೆ. ಕಾನೂನಿನ ಮಾತು ಹಾಗಿರಲಿ, ಯಂತ್ರಶಾಸ್ತ್ರದ ದೃಷ್ಟಿಯಿಂದಲೂ ಅದು ಶುದ್ಧ ಅವಿವೇಕ.

ಈ ನಾಡಿಗೆ ಅಶ್ವವಿದ್ಯೆ ಹೊಸದಲ್ಲ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕುದುರೆಯೇರಿ ಚೆಂಡಾಡುವ ವಿನೋದದ ವರ್ಣನೆಯಿದೆ. ಅದೇ ವಂಶದ ನಾಲ್ಕನೆಯ ಸೋಮೇಶ್ವರನಿಗೆ ಅಣ್ಣಿಗೇರಿ ರಾಜಧಾನಿಯಾಗಿತ್ತು. ಓಡುತ್ತಿದ್ದಂತೆಯೇ ನಿಂತು ತಿರುಗಬೇಕಾದ ಚೆಂಡಾಟದ ಕುದುರೆಯು ಲಗಾಮಿಗೆ ಜೋತುಬಿದ್ದರೆ ಆಟವೇ ನಡೆಯದು.

ಹಾಗಾದರೆ ತಿದ್ದುವುದು ಎಲ್ಲಿಂದ? ಹಿಂಗಾಲಿನಿಂದ. ಸುಮಾರು 20 ಮೀಟರು ಅಡ್ಡಳತೆಯ ವೃತ್ತದಲ್ಲಿ ನಡೆಸಿದರೆ ಒಳಬದಿಯ ಹಿಂಗಾಲು ಹೊಟ್ಟೆಯ ಕೆಳಕ್ಕೆ ಬಂದು ಊರಬೇಕಾಗುತ್ತದೆ. ನಡಿಗೆಯಿಂದ ಕುಕ್ಕುಲೋಟಕ್ಕೂ ಕುಕ್ಕುಲೋಟದಿಂದ ನಡಿಗೆಗೂ ಮತ್ತೆ ಮತ್ತೆ ತರುವುದು ಇನ್ನೊಂದು ಸಾಧನೆ. ಹೆಗಲನ್ನು ತುಸು ಒಳಕ್ಕೆ ತಿರುಗಿಸಿ ಓರೆಯಾಗಿ ನಡೆಸುವ ಅಭ್ಯಾಸವನ್ನು ಫ್ರಾನ್ಸಿನ ಲಾ ಗೆರಿನಿಯೇರ್ 18ನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದನು. ನೆಲವೂ ಗುರುವೇ. ಕಲಘಟಗಿಯ ಕಡೆಯ ಇಳಿಜಾರಿನಲ್ಲಿ ನಿಧಾನವಾಗಿ ಇಳಿಸಿದರೆ ಕುದುರೆ ತಾನಾಗಿ ಹಿಂಗಾಲುಗಳನ್ನು ಒಳಗೆ ತಂದುಕೊಳ್ಳುತ್ತದೆ. ನವಲಗುಂದದ ಎರೆಭೂಮಿಯಾದರೋ ಮಳೆಗಾಲದಲ್ಲಿ ಗೊರಸಿಗೆ ಅಂಟುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ. ಆ ದಿನಗಳಲ್ಲಿ ಅಲ್ಲಿ ಪಾಠ ಬೇಡ.

ಮುಂಭಾರವೆಲ್ಲ ಹಿಂಗಾಲಿಗೆ ಸರಿದುಬಿಡುತ್ತದೆಂದು ಹಳೆಯ ಸವಾರರು ನಂಬಿದ್ದರು. ಗೊರಸಿನ ಒತ್ತಡವನ್ನು ಅಳೆಯುವ ಉಪಕರಣಗಳಿಂದ ತಿಳಿದುಬಂದಂತೆ, ಹೀಗೆ ಸರಿಯುವ ಪಾಲು ಅಲ್ಪವೇ. ಮುಂಗಾಲುಗಳು ನೆಲವನ್ನೊತ್ತಿ, ಸ್ನಾಯುಗಳ ತೊಟ್ಟಿಲು ಎದೆಯನ್ನು ಮೇಲೆತ್ತುವುದೂ ಅಷ್ಟೇ ಮುಖ್ಯ. ಸ್ನಾಯು ಬಲಿಯಲು ತಿಂಗಳುಗಳು ಬೇಕು. ಬೆನ್ನೆಲುಬಿನ ಬೆಳವಣಿಗೆ ಪೂರ್ಣವಾಗಲು ಐದಾರು ವರ್ಷಗಳೇ ಹಿಡಿಯುವುದರಿಂದ ಎಳೆಯ ಕುದುರೆಗೆ ಭಾರಿ ಕೆಲಸ ಸಲ್ಲದು.

ಇನ್ನು ಕೈಯ ಕೆಲಸ. ಬೆರಳುಗಳನ್ನು ಮೆಲ್ಲನೆ ಬಿಗಿಹಿಡಿಯಬೇಕು. ಕುದುರೆ ದವಡೆ ಸಡಿಲಿಸಿದ ಕ್ಷಣವೇ ಬಿಡಬೇಕು. ಪಾಠವಿರುವುದು ಹಿಡಿಯುವುದರಲ್ಲಲ್ಲ, ಬಿಡುವುದರಲ್ಲಿ. ಒತ್ತಡ ತಪ್ಪಿದ ಹೊತ್ತಿಗೆ ತಾನೇನು ಮಾಡುತ್ತಿದ್ದೆನೋ ಅದನ್ನೇ ಕುದುರೆ ಕಲಿಯುತ್ತದೆ. ತಡವಾಗಿ ಬಿಟ್ಟರೆ ಎಳೆಯುವುದನ್ನೇ ಕಲಿತೀತು.

ಪರೀಕ್ಷೆ ಸುಲಭ. ಕುಕ್ಕುಲೋಟದಲ್ಲಿರುವಾಗ ಲಗಾಮನ್ನು ಬೆರಳುಗಳ ನಡುವಿನಿಂದ ಮೆಲ್ಲಮೆಲ್ಲನೆ ಜಾರಲು ಬಿಡಿ. ಕುದುರೆ ವೇಗ ಹೆಚ್ಚಿಸದೆ, ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿ ಅದೇ ಲಯದಲ್ಲಿ ಸಾಗಿದರೆ ಅದು ತನ್ನ ಕಾಲುಗಳ ಮೇಲೆ ತಾನು ನಿಂತಿದೆ. ಲಗಾಮು ಸಡಿಲವಾದೊಡನೆ ಧಾವಿಸಿದರೆ ಮರುದಿನ ಮತ್ತೆ ವೃತ್ತದಿಂದಲೇ ಆರಂಭಿಸಬೇಕು.