ಡ್ರಮ್ ಸೆಟ್ ಪಾಠ: ಎಣಿಕೆ ಬಿಡಬಾರದು



ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಒಬ್ಬರು, ಸಣ್ಣ ಡ್ರಮ್ ಇನ್ನೊಬ್ಬರು ಬಾರಿಸ್ತಾರೆ. ಎಲ್ಲವನ್ನೂ ಒಬ್ಬರೇ ಕೂತು ನುಡಿಸುವ ವಾದ್ಯವೇ ಡ್ರಮ್ ಸೆಟ್. ಇದು ಬೆಳೆದದ್ದು ಅಮೆರಿಕದಲ್ಲಿ. 1909ರಲ್ಲಿ ವಿಲಿಯಂ ಲುಡ್ವಿಗ್ ಕಾಲಿನಿಂದ ಬೇಗ ಬೇಗ ಒತ್ತುವ ಪೆಡಲಿಗೆ ಪೇಟೆಂಟ್ ಪಡೆದರು. ದೊಡ್ಡ ಡ್ರಮ್ ಕಾಲಿಗೆ ಬಂತು, ಕೈಗಳಿಗೆ ಬಿಡುವಾಯಿತು.

ಜಾಜ್ ಸಂಗೀತದಲ್ಲಿ ಡ್ರಮ್‌ನವರು ಆಗಿಂದಾಗಲೇ ಹೊಸದಾಗಿ ಕಟ್ಟಿ ನುಡಿಸ್ತಾರೆ. ಅದಕ್ಕೂ ಲೆಕ್ಕ ಉಂಟು. ‘ಟ್ರೇಡಿಂಗ್ ಫೋರ್ಸ್’ ಎಂಬ ಕ್ರಮದಲ್ಲಿ 4 ಎಣಿಕೆಯ 4 ಸುತ್ತು, ಅಂದರೆ 16 ಎಣಿಕೆ, ಬೇರೆ ವಾದ್ಯದವರದು. ಮುಂದಿನ 16 ಡ್ರಮ್‌ನವರದು. ಅದು ಮುಗಿದು ‘ಒಂದು’ ಬಂದಾಗ ಎಲ್ಲರೂ ಸರಿಯಾಗಿ ಕೂಡಬೇಕು. ನಮ್ಮ ಆದಿತಾಳ ಎರಡು ಆವರ್ತ ಹಾಕಿದರೂ 16 ಅಕ್ಷರವೇ! ಮ್ಯಾಕ್ಸ್ ರೋಚ್ (1924–2007) ಒಬ್ಬರೇ ನುಡಿಸುವಾಗಲೂ ಹಾಡಿನ ಸುತ್ತು ತಪ್ಪಿಸದವರೆಂದು ಹೆಸರಾದವರು.

ಈ ಪಾಠ ಈಗ ಮೊಬೈಲಿನಲ್ಲೇ ಸಿಗುತ್ತೆ. ಆದರೆ ವಿಡಿಯೋದ ಗುರು ನಮ್ಮ ಪೆಟ್ಟು ಕೇಳೋದಿಲ್ಲ. ಕೈ ಓಡಿದರೆ ‘ನಿಲ್ಲು’ ಅನ್ನೋರಿಲ್ಲ. ತಪ್ಪೇ ರೂಢಿಯಾಗಿಬಿಡುತ್ತೆ. ಆದ್ದರಿಂದ:

1. ಬಾಯಲ್ಲಿ ಎಣಿಸುತ್ತಾ ನಿಧಾನವಾಗಿ ನುಡಿಸಿ.
2. ಮೊದಲು ಒಂದೇ ಡ್ರಮ್ಮಿನಲ್ಲಿ ಎರಡು ಮೂರು ಪೆಟ್ಟನ್ನೇ ಜಾಗ ಬದಲಿಸಿ ಹಾಕಿ.
3. ರೆಕಾರ್ಡ್ ಮಾಡಿ ಕೇಳಿ. ‘ಒಂದು’ ಸರಿಯಾಗಿ ಬಿತ್ತೇ ನೋಡಿ.

ಡ್ರಮ್ ಇಲ್ಲವೇ? ಎರಡು ಕಡ್ಡಿ, ಒಂದು ಮಣೆ ಸಾಕು. ಬಿಡುವಿನಲ್ಲಿ ಗೆಳೆಯ ಚಪ್ಪಾಳೆಯಲ್ಲಿ 16 ಎಣಿಸಲಿ, ನೀವು 16 ನುಡಿಸಿ. ತಪ್ಪಿದಾಗ ತಡೆಯಲು ಅವನೇ ಗುರು!