ಬಾಳೆ ಎಲೆ ಸುರುಳಿ: ಮೊದಲು ಬಿಚ್ಚಿ ನೋಡಿ, ಆಮೇಲೆ ಔಷಧಿ ಮಾತು

ಕನಕಪುರದ ನಮ್ಮ ತೋಟದಲ್ಲಿ ತೆಂಗಿನ ನಡುವೆ ಬಾಳೆ ಇದೆ. ಮೊದಲ ವರ್ಷ ಸುರುಳಿ ಕಂಡ ಕೂಡಲೇ ಬೇವಿನ ಎಣ್ಣೆ ಹೊಡೆದೆ. ಹುಳು ಒಳಗೆ ಆರಾಮಾಗಿತ್ತು. ದುಡ್ಡು, ಕೂಲಿ ಎರಡೂ ದಂಡ.

ಬಾಳೆ ಎಲೆ ಸುತ್ತೋ ಸ್ಕಿಪ್ಪರ್ ಚಿಟ್ಟೆಗಳು ನಮ್ಮಲ್ಲಿ ಎರಡು. ಎರಡೂ ಕಂದು ಬಣ್ಣ, ಕೆಂಪು ಕಣ್ಣು, ಹಾರೋದು ಮುಸ್ಸಂಜೆಗೆ. ಗುರುತು ಹೀಗೆ:

ಬನಾನಾ ಸ್ಕಿಪ್ಪರ್ (ಎರಿಯೊನೋಟಾ ಟೋರಸ್): ಬೆಳೆದ ಹುಳುವಿನ ಮೈಗೆ ಹಿಟ್ಟು ಸವರಿದ ಹಾಗೆ ಬಿಳಿ ಪುಡಿ. ಚಿಟ್ಟೆಯ ಮುಂದಿನ ರೆಕ್ಕೆಯಲ್ಲಿ 3 ಹಳದಿ ಚುಕ್ಕೆ.

ಜೈಂಟ್ ರೆಡ್‌ಐ (ಗಂಗಾರಾ ಥಿರ್ಸಿಸ್): ಹುಳುವಿನ ಮೈತುಂಬ ಉದ್ದುದ್ದ ಬಿಳಿ ಮೇಣದ ಎಳೆ. ರೆಕ್ಕೆಯಲ್ಲಿ 3 ದೊಡ್ಡ ಚುಕ್ಕೆ, ತುದಿ ಹತ್ತಿರ ಇನ್ನೂ 3 ಸಣ್ಣವು. ತೆಂಗಿನ ಗರಿಯನ್ನೂ ತಿನ್ನುತ್ತದೆ.

ರೆಡ್‌ಐ ನಮ್ಮ ನೆಲದ್ದೇ. ಒಂದೆರಡು ಇದ್ದರೆ ಬಿಟ್ಟುಬಿಡಿ. ಬನಾನಾ ಸ್ಕಿಪ್ಪರ್ ದಕ್ಷಿಣಕ್ಕೆ ಹೊಸದು, 2014ರ ಹೊತ್ತಿಗೆ ಕರ್ನಾಟಕ, ಕೇರಳದಲ್ಲಿ ದಾಖಲಾಯಿತು. ಹೆಚ್ಚಾದರೆ ಎಲೆಯಲ್ಲಿ ದಿಂಡು ಮಾತ್ರ ಉಳಿಯುತ್ತದೆ. ಸುರುಳಿ ಕಿತ್ತು, ಹುಳುವನ್ನು ಸೋಪಿನ ನೀರಿಗೆ ಹಾಕಿ.

ಒಳಗೆ ಅಕ್ಕಿಕಾಳಿನಂಥ ಬಿಳಿ ಗೂಡುಗಳ ಗೊಂಚಲು ಕಂಡರೆ ಮಾತ್ರ ಮುಟ್ಟಬೇಡಿ. ಅದು ಹುಳು ಕೊಲ್ಲುವ ಪರಾವಲಂಬಿ ಕಣಜದ್ದು. ನಿಮ್ಮ ಕೂಲಿ ಇಲ್ಲದ ಆಳು.

ಈ ವಾರ ಒಂದು ಸುರುಳಿ ಬಿಚ್ಚಿ, ಫೋಟೊ ತೆಗೆದು, ಹೋಲಿಸಿ ನೋಡಿ.